ನಾಂದಿಯಾದ ಮೇಲೆ ಸೂತಕವಿಲ್ಲ

ಕನ್ನಡನಾಡಿನ ಮನೆಗಳಲ್ಲಿ ಹುಟ್ಟಿಗೂ ಸಾವಿಗೂ ದಿನಗಳ ಲೆಕ್ಕವಿದೆ, ಕಾಯಿಲೆಗೆ ಇಲ್ಲ. ಮಗು ಹುಟ್ಟಿದರೆ ಪುರುಡು ಅಥವಾ ವೃದ್ಧಿ, ಹತ್ತಿರದ ದಾಯಾದಿ ತೀರಿಕೊಂಡರೆ ಸೂತಕ. ಶಾಸ್ತ್ರದ ಭಾಷೆಯಲ್ಲಿ ಎರಡಕ್ಕೂ ಆಶೌಚವೆಂದು ಹೆಸರಿದ್ದು, ಆ ದಿನಗಳು ಕಳೆಯುವವರೆಗೆ ದೇವರ ಪೂಜೆ, ಹಬ್ಬ, ಮದುವೆ ಯಾವುದೂ ನಡೆಯುವಂತಿಲ್ಲ. ಆದರೆ ತಾಯಿಯೋ ತಂದೆಯೋ ಆರು ತಿಂಗಳಿಂದ ಹಾಸಿಗೆ ಹಿಡಿದಿರುವಾಗ ಯುಗಾದಿ ಬಂದರೆ ಬಾಗಿಲಿಗೆ ತೋರಣ ಕಟ್ಟಬೇಕೆ, ಗೊತ್ತಾದ ಮದುವೆಯನ್ನು ಮುಂದಕ್ಕೆ ಹಾಕಬೇಕೆ ಅಥವಾ ಬೇಗ ಮುಗಿಸಬೇಕೆ, ಮಕ್ಕಳು ಪಟಾಕಿ ಹೊಡೆಯಬಹುದೆ ಎಂಬ ಪ್ರಶ್ನೆಗಳಿಗೆ ಪಂಚಾಂಗದಲ್ಲಿ ಉತ್ತರ ಸಿಗುವುದಿಲ್ಲ. ಈ ಪ್ರಶ್ನೆಗಳನ್ನು ನಾಡಿನ ಜನ ಹೇಗೆ ಬಗೆಹರಿಸಿಕೊಂಡರೆಂಬುದಕ್ಕೂ ಒಂದು ಚರಿತ್ರೆಯಿದೆ. ಅದರ ಒಂದು ಪಾಲು ಸಂಸ್ಕೃತದ ಧರ್ಮಗ್ರಂಥಗಳಲ್ಲಿ, ಇನ್ನೊಂದು ಪಾಲು ಅರಮನೆಯ ದಸರಾ ಪದ್ಧತಿಯಲ್ಲಿ ಉಳಿದುಬಂದಿದ್ದು, ಬಹುಪಾಲು ಮಾತ್ರ ಎಲ್ಲಿಯೂ ಬರೆಹಕ್ಕೆ ಇಳಿಯದೆ ತೊಟ್ಟಿಮನೆಗಳ ಪಡಸಾಲೆಯಲ್ಲಿಯೇ ನಡೆದುಹೋಗಿದೆ. ಆಶೌಚದ ನಿಯಮಗಳನ್ನು ಬರಿಯ ಮಡಿಮೈಲಿಗೆಯ ಕಟ್ಟಳೆಗಳೆಂದು ಓದುವುದು ರೂಢಿಯಾಗಿದೆಯಾದರೂ, ಕಾಯಿಲೆಯ ಮನೆಯ ಕಡೆಯಿಂದ ನೋಡಿದಾಗ ಅವುಗಳಲ್ಲಿ ಸಂತೋಷವನ್ನು ಕಾಪಾಡುವ ಏರ್ಪಾಡುಗಳು ಎಷ್ಟು ಎಚ್ಚರದಿಂದ ಸೇರಿವೆಯೆಂಬುದು ಗೋಚರವಾಗುತ್ತದೆ.

ಈ ಚರ್ಚೆಗೆ ಕರ್ನಾಟಕದ ನೆಲದಲ್ಲಿಯೇ ಒಂದು ಹಳೆಯ ಆಧಾರವಿದೆ. ಕಲ್ಯಾಣದ ಚಾಳುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಇಂದಿನ ಬಸವಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಆಸ್ತಿಯ ಪಾಲುಪಟ್ಟಿಯ ವಿಚಾರದಲ್ಲಿ ಈ ಗ್ರಂಥ ಗಳಿಸಿದ ಹೆಸರಿನಿಂದಾಗಿ ಅದರ ಉಳಿದ ಭಾಗಗಳು ಸಾಮಾನ್ಯ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲ. ದಾನ, ಮದುವೆ, ಯಜ್ಞಗಳು ನಡೆಯುತ್ತಿರುವಾಗ, ಯುದ್ಧದಲ್ಲಿ, ದೇಶಕ್ಕೆ ವಿಪತ್ತು ಬಂದಾಗ, ಕಡುಕಷ್ಟದ ಆಪತ್ತಿನಲ್ಲಿ ಸೂತಕವು ಕೂಡಲೇ ಕಳೆಯುತ್ತದೆ ಎಂಬ ವಿಧಿ ಆ ಸ್ಮೃತಿಯ ಆಶೌಚ ಪ್ರಕರಣದಲ್ಲಿದೆ. ಇದಕ್ಕೆ ಸದ್ಯಃಶೌಚವೆಂದು ಹೆಸರು. ಕಾಯಿಲೆಯ ಮಾತು ಬರುವುದು ಇನ್ನೊಂದು ಕಡೆ, ಕನ್ಯಾದಾನ ಮಾಡುವ ಅಧಿಕಾರ ಯಾರದು ಎಂಬ ವಿಚಾರದಲ್ಲಿ. ತಂದೆ, ತಂದೆಯ ತಂದೆ, ಅಣ್ಣತಮ್ಮಂದಿರು, ಕುಲದವರು, ತಾಯಿ ಎಂಬ ಸಾಲನ್ನು ಸ್ಮೃತಿಕಾರನು ಹೇಳಿ, ಮೊದಲಿನವರಿಲ್ಲದಿದ್ದರೆ ಮುಂದಿನವರಿಗೆ ಆ ಅಧಿಕಾರ ಸಲ್ಲುತ್ತದೆ, ಆದರೆ ಅವರು ‘ಪ್ರಕೃತಿಸ್ಥ’ರಾಗಿರಬೇಕು ಎನ್ನುತ್ತಾನೆ. ಪ್ರಕೃತಿಸ್ಥನೆಂದರೆ ತನ್ನ ಸಹಜ ಸ್ಥಿತಿಯಲ್ಲಿರುವವನು, ಬುದ್ಧಿಭ್ರಮಣೆ ಮುಂತಾದ ದೋಷಗಳಿಲ್ಲದವನು ಎಂದು ವಿಜ್ಞಾನೇಶ್ವರನ ವಿವರಣೆ. ಮನೆಯ ಹಿರಿಯನ ಮನಸ್ಸೇ ಸ್ವಸ್ಥವಾಗಿಲ್ಲದಿದ್ದರೂ ಮದುವೆ ನಿಲ್ಲಬೇಕಿಲ್ಲ, ಅವನ ಜಾಗದಲ್ಲಿ ಇನ್ನೊಬ್ಬರು ನಿಂತು ಧಾರೆ ಎರೆಯಬಹುದು ಎಂಬ ಅರ್ಥ ಇದರೊಳಗೇ ಇದೆ.

ಮುಂದಿನ ಶತಮಾನಗಳ ನಿಬಂಧಕಾರರು, ಅಂದರೆ ಹಲವು ಸ್ಮೃತಿಗಳ ಮಾತುಗಳನ್ನು ಒಟ್ಟುಗೂಡಿಸಿ ನಡೆವಳಿಕೆಗೆ ತಕ್ಕ ತೀರ್ಮಾನ ಕೊಟ್ಟ ವಿದ್ವಾಂಸರು, ಈ ವಿಷಯವನ್ನು ಇನ್ನಷ್ಟು ಬಿಡಿಸಿ ನೋಡಿದರು. ಕಾಶಿಯ ಕಮಲಾಕರ ಭಟ್ಟನು 1612ರಲ್ಲಿ ಮುಗಿಸಿದ ‘ನಿರ್ಣಯಸಿಂಧು’ ಮತ್ತು ಪಂಢರಪುರದ ಕಾಶೀನಾಥ ಉಪಾಧ್ಯಾಯನು 1790ರ ಸುಮಾರಿಗೆ ಬರೆದ ‘ಧರ್ಮಸಿಂಧು’ ಎಂಬ ಎರಡು ಗ್ರಂಥಗಳನ್ನು ಕರ್ನಾಟಕದ ಪುರೋಹಿತರು ಇಂದಿಗೂ ತೆರೆದು ನೋಡುತ್ತಾರೆ. ಇವುಗಳಲ್ಲಿ ‘ಪ್ರತಿಕೂಲ’ ಎಂಬ ಒಂದು ವಿಚಾರವಿದೆ. ಮದುವೆಯ ಮಾತು ನಿಶ್ಚಯವಾದ ಮೇಲೆ ವಧುವಿನ ಅಥವಾ ವರನ ಹತ್ತಿರದ ಬಂಧು ತೀರಿಕೊಂಡರೆ ಅದು ಪ್ರತಿಕೂಲ. ತಂದೆ ಹೋದರೆ ಒಂದು ವರ್ಷ, ತಾಯಿ ಹೋದರೆ ಆರು ತಿಂಗಳು, ಹೆಂಡತಿಗೆ ಮೂರು ತಿಂಗಳು, ಅಣ್ಣತಮ್ಮಂದಿರಿಗೂ ಮಕ್ಕಳಿಗೂ ಒಂದೂವರೆ ತಿಂಗಳು ಕಾಯಬೇಕೆಂಬುದು ಅಲ್ಲಿಯ ಒಂದು ಲೆಕ್ಕ. ಇಷ್ಟು ಬಿಗಿಯಾದ ನಿಯಮದ ಬೆನ್ನಿಗೇ ಅದರ ಅಪವಾದಗಳೂ ಬರುತ್ತವೆ: ಬರಗಾಲ ಬಂದಾಗ, ರಾಜ್ಯ ಒಡೆದಾಗ, ಮಗಳು ಬೆಳೆದು ನಿಂತಿರುವಾಗ, ತಂದೆತಾಯಿಗಳ ಪ್ರಾಣಕ್ಕೆ ಸಂಶಯ ಬಂದಾಗ ಅನುಕೂಲ ಕಾಲಕ್ಕಾಗಿ ಕಾಯಬೇಕಿಲ್ಲ. ‘ಪ್ರಾಣಸಂಶಯ’ ಎಂಬ ಈ ಒಂದು ಪದದ ಮೇಲೆ ಓದುಗನು ಸ್ವಲ್ಪ ಹೊತ್ತು ನಿಲ್ಲಬೇಕು. ಸತ್ತವರಿಗಾಗಿ ಒಂದು ವರ್ಷದವರೆಗೂ ಕಾಯಲು ಹೇಳುವ ಗ್ರಂಥವೇ, ಸಾಯುವ ಅಂಚಿನಲ್ಲಿರುವವರಿಗಾಗಿ ಕಾಯಬೇಡ ಎನ್ನುತ್ತದೆ. ಹಾಸಿಗೆಯಲ್ಲಿರುವ ತಾಯಿಯ ಕಣ್ಣೆದುರು ಮಗಳ ಕೊರಳಿಗೆ ತಾಳಿ ಬೀಳಲಿ ಎಂದು ಆತುರಪಡುವ ಮನೆಯವರು ಶಾಸ್ತ್ರವನ್ನು ಮೀರುತ್ತಿಲ್ಲ. ಅವರ ಆತುರಕ್ಕೆ ಶಾಸ್ತ್ರವೇ ಜಾಗ ಬಿಟ್ಟುಕೊಟ್ಟಿದೆ.

ಇದಕ್ಕಿಂತ ಹೆಚ್ಚು ಬಳಕೆಗೆ ಬಂದ ಏರ್ಪಾಡು ನಾಂದಿ. ಮದುವೆ, ಮುಂಜಿ ಮುಂತಾದ ಶುಭಕಾರ್ಯಗಳ ಮೊದಲಿಗೆ ಹಿರಿಯರನ್ನು ಕರೆದು ಆಶೀರ್ವಾದ ಬೇಡುವ ಈ ಶ್ರಾದ್ಧಕ್ಕೆ ವೃದ್ಧಿಶ್ರಾದ್ಧ, ಆಭ್ಯುದಯಿಕ ಎಂಬ ಹೆಸರುಗಳೂ ಇವೆ. ಕೆಲಸ ಆರಂಭವಾದ ಮೇಲೆ ಅದಕ್ಕೆ ಸೂತಕ ತಟ್ಟುವುದಿಲ್ಲ, ಮದುವೆಗೆ ನಾಂದಿಯೇ ಆರಂಭ ಎಂಬುದು ನಿಬಂಧಗಳು ಒಪ್ಪಿರುವ ಸೂತ್ರ. ಯಜ್ಞಕ್ಕೆ 21 ದಿನ, ಮದುವೆಗೆ 10 ದಿನ, ಮುಂಜಿಗೆ 6 ದಿನ, ಚೌಲಕ್ಕೆ 3 ದಿನ ಮುಂಚಿತವಾಗಿ ನಾಂದಿ ಮಾಡಬಹುದೆಂದು ಅವಧಿಯನ್ನೂ ಅವು ಗೊತ್ತುಮಾಡಿವೆ. ಮುಹೂರ್ತದ ಹಿಂದಿನ ದಿನವೋ ಅದೇ ಬೆಳಿಗ್ಗೆಯೋ ಮಾಡಿದರೆ ಸಾಕಾಗುವ ವಿಧಿಗೆ ಹತ್ತು ದಿನಗಳ ಸಡಿಲ ಕೊಟ್ಟಿರುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಯಾರದಾದರೂ ಜೀವ ಇಂದೋ ನಾಳೆಯೋ ಎನ್ನುವಂತಿದ್ದರೆ ನಾಂದಿಯನ್ನು ಮೊದಲೇ ಇಟ್ಟುಬಿಡುವುದು ಪುರೋಹಿತರಿಗೆಲ್ಲ ಗೊತ್ತಿರುವ ಮಾರ್ಗ. ನಾಂದಿಗೂ ಮೊದಲೇ ಸೂತಕ ಬಂದು, ಸಾಮಗ್ರಿಯೆಲ್ಲ ಸಿದ್ಧವಾಗಿದ್ದು, ಬೇರೆ ಮುಹೂರ್ತವೂ ಇಲ್ಲವಾದರೆ ಕೂಷ್ಮಾಂಡ ಮಂತ್ರಗಳಿಂದ ತುಪ್ಪದ ಹೋಮ ಮಾಡಿ, ಹಾಲು ಕರೆಯುವ ಹಸುವನ್ನು ದಾನ ಕೊಟ್ಟು ಮುಂದುವರಿಯುವುದಕ್ಕೂ ಅವಕಾಶವಿದೆ.

ನಾಂದಿಯ ವಿಧಾನವನ್ನು ಹತ್ತಿರದಿಂದ ನೋಡಿದರೆ ಅದು ಸಾಮಾನ್ಯ ಶ್ರಾದ್ಧದ ಒಂದೊಂದು ಅಂಶವನ್ನೂ ತಿರುಗಿಸಿ ಹಾಕಿದಂತಿದೆ. ಅಲ್ಲಿ ಎಳ್ಳು, ಇಲ್ಲಿ ಜವೆ; ಅಲ್ಲಿ ಜನಿವಾರವನ್ನು ಬಲಗಡೆಗೆ ಹಾಕಿಕೊಂಡು ಅಪಸವ್ಯವಾಗಿ ಮಾಡುವ ಕೆಲಸ, ಇಲ್ಲಿ ದೇವಕಾರ್ಯದಂತೆ ಎಡಹೆಗಲ ಮೇಲಿಂದಲೇ; ಅಲ್ಲಿ ಮಧ್ಯಾಹ್ನ, ಇಲ್ಲಿ ಬೆಳಗಿನ ಹೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಶ್ರಾದ್ಧಗಳಲ್ಲಿ ತಂದೆಯ ಸಾಲಿನಿಂದ ಆರಂಭವಾಗುವ ಕರೆ ನಾಂದಿಯಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಸಾಲಿನಿಂದ ಆರಂಭವಾಗುತ್ತದೆ. ಅವರೆಲ್ಲ ಆ ಹೊತ್ತಿಗೆ ‘ನಾಂದೀಮುಖರು’, ಎಂದರೆ ಹರ್ಷದ ಮುಖವುಳ್ಳವರು. ಸತ್ತವರೂ ನಗುಮುಖದಿಂದ ಬಂದು ಮಣೆಯ ಮೇಲೆ ಕೂರುವ ಈ ಕಲ್ಪನೆಯಲ್ಲಿ ಸಾವು ಮತ್ತು ಸಂಭ್ರಮಗಳನ್ನು ಒಂದೇ ಪಡಸಾಲೆಯಲ್ಲಿ ಕೂರಿಸಿದ ಜಾಣ್ಮೆಯಿದೆ; ಕನ್ನಡದ ಮನೆಮಾತು ಇದನ್ನೆಲ್ಲ ‘ನಾಂದಿಯಾದ ಮೇಲೆ ಸೂತಕವಿಲ್ಲ’ ಎಂಬ ಮೂರ್ನಾಲ್ಕು ಪದಗಳಿಗೆ ಇಳಿಸಿಕೊಂಡಿದೆ.

ಕಮಲಾಕರ ಭಟ್ಟನು ಕಾಶಿಯಲ್ಲಿ ಬರೆಯುತ್ತಿದ್ದ ಕಾಲಕ್ಕೇ ಶ್ರೀರಂಗಪಟ್ಟಣದಲ್ಲಿ, ಸಾವು ಬಂದರೆ ಸಂಭ್ರಮ ನಿಲ್ಲಬೇಕೆ ಎಂಬ ಇದೇ ಪ್ರಶ್ನೆ ರಾಜ್ಯದ ಮಟ್ಟದಲ್ಲಿ ಎದ್ದಿತ್ತು. ವಿಜಯನಗರದ ಪ್ರತಿನಿಧಿ ತಿರುಮಲರಾಜನಿಂದ ಪಟ್ಟಣವನ್ನು ಪಡೆದ ರಾಜ ಒಡೆಯರು 1610ರಲ್ಲಿ ಅಲ್ಲಿ ಮಹಾನವಮಿಯ ಉತ್ಸವವನ್ನು ಆರಂಭಿಸಿದರು. ವಾಸಿಯಾಗದ ಹುಣ್ಣಿನಿಂದ ನರಳುತ್ತಿದ್ದ ತಿರುಮಲರಾಜನು ಪರಿಹಾರ ಬೇಡಿ ತಲಕಾಡಿನ ವೈದ್ಯನಾಥೇಶ್ವರನ ಸನ್ನಿಧಿಗೆ ಹೋದನೆಂದು ಜನಜನಿತ ಕಥೆ ಹೇಳುತ್ತದೆಯಾದ್ದರಿಂದ, ಮೈಸೂರು ದಸರೆಯ ಹುಟ್ಟಿನ ಹಿನ್ನೆಲೆಯಲ್ಲಿಯೇ ಒಂದು ಕಾಯಿಲೆಯ ನೆನಪು ಇದೆ. ಉತ್ಸವಕ್ಕೆ ಎಲ್ಲ ಸಿದ್ಧವಾಗಿದ್ದಾಗ, ನವರಾತ್ರಿಯ ಹಿಂದಿನ ದಿನ, ರಾಜ ಒಡೆಯರ ಮಗ ನರಸರಾಜ ತೀರಿಕೊಂಡನು. ಪಂಚಾಂಗದಲ್ಲಿ ಆ ದಿನ ಮಹಾಲಯ ಅಮಾವಾಸ್ಯೆ, ನಾಡೆಲ್ಲ ಹಿರಿಯರನ್ನು ನೆನೆಯುವ ದಿನ. ಅರಸರು ವಿದ್ವಾಂಸರನ್ನು ಕೇಳಿ, ರಾಜಮನೆತನದ ಹತ್ತಿರದವರು ತೀರಿಕೊಂಡರೂ ಮಹಾನವಮಿ ನಿಲ್ಲಕೂಡದೆಂಬ ಕಟ್ಟಳೆಯನ್ನು ಮಾಡಿ ಉತ್ಸವವನ್ನು ನಡೆಸಿದರೆಂದು ಮೈಸೂರಿನ ಇತಿಹಾಸಗ್ರಂಥಗಳು ಹೇಳುತ್ತವೆ. ಅರಸನಿಗೆ ಆಶೌಚವಿಲ್ಲವೆಂಬ ಯಾಜ್ಞವಲ್ಕ್ಯನ ಮಾತು ಈ ತೀರ್ಮಾನಕ್ಕೆ ಬೆಂಬಲವಾಗಿ ನಿಲ್ಲುತ್ತದೆ; ಆದರೂ ಮಗನನ್ನು ಕಳೆದುಕೊಂಡ ಮರುದಿನವೇ ಸಿಂಹಾಸನಕ್ಕೆ ಕೈಮುಗಿದು ಒಂಬತ್ತು ದಿನ ಒಡ್ಡೋಲಗ ನಡೆಸಿದ ತಂದೆಯ ಮನಸ್ಸನ್ನು ಯಾವ ಕಟ್ಟಳೆಯೂ ಹಗುರ ಮಾಡಿರಲಾರದು.

ನಾಲ್ಕು ಶತಮಾನಗಳ ನಂತರ, 2018ರ ಅಕ್ಟೋಬರ್ 19ರ ವಿಜಯದಶಮಿಯ ದಿನ, ಮೈಸೂರು ರಾಜಮನೆತನದ ಪ್ರಮೋದಾದೇವಿ ಒಡೆಯರ್ ಅವರ ತುಂಬು ವಯಸ್ಸಿನ ತಾಯಿ ನಿಧನರಾದಾಗ ಇದೇ ಪ್ರಶ್ನೆ ಮತ್ತೆ ಬಂತು. ಸರ್ಕಾರದ ಉತ್ಸವವಾಗಿದ್ದ ಜಂಬೂಸವಾರಿ ಆ ದಿನವೇ ಹೊರಟಿತು. ವಜ್ರಮುಷ್ಟಿ ಕಾಳಗವೂ ಸೇರಿದಂತೆ ಅರಮನೆಯೊಳಗಿನ ವಿಧಿಗಳು ಮಾತ್ರ 22ನೆಯ ತಾರೀಖಿಗೆ ಹೋದವು. ಮದುವೆಯಾಗಿ ಹೋದ ಮಗಳಿಗೆ ತಂದೆತಾಯಿಗಳ ಸಾವಿನಲ್ಲಿ ಮೂರು ದಿನದ ಸೂತಕವೆಂಬುದು ಧರ್ಮಶಾಸ್ತ್ರದ ಲೆಕ್ಕ. ಈ ಅಂತರ ಅದಕ್ಕೆ ಸರಿಯಾಗಿ ಹೊಂದುತ್ತದೆ. ಅರಸನಿಗೆ ಇಲ್ಲದ ಸೂತಕ ಮಗಳಿಗೆ ಇತ್ತು.

ಅರಮನೆಯಿಂದ ದೂರದ ಊರುಗಳಲ್ಲಿ ನಾಂದಿಯ ಕೆಲಸವನ್ನು ಬೇರೆ ಗುರುತುಗಳು ಮಾಡುತ್ತಿದ್ದವು. ಬಯಲುಸೀಮೆಯ ಒಕ್ಕಲು ಮನೆಗಳಲ್ಲಿ ಚಪ್ಪರಕ್ಕೆ ಹಾಲುಗಂಬ ನೆಟ್ಟ ಮೇಲೆ, ಮದುಮಕ್ಕಳ ಕೈಗೆ ಕಂಕಣ ಕಟ್ಟಿದ ಮೇಲೆ ಮದುವೆ ನಿಲ್ಲಬಾರದೆಂಬ ನಂಬಿಕೆಯಿದ್ದರೆ, ಊರಹಬ್ಬಕ್ಕೆ ತಮಟೆ ಹೊಡೆದು ಸಾರು ಹಾಕಿದ ಮೇಲೆ ಹಬ್ಬ ಊರಿನದೇ ಹೊರತು ಒಂದು ಮನೆಯದಲ್ಲವೆಂದು ತಿಳಿಯಲಾಗುತ್ತಿತ್ತು. ಸಾವಿಗೂ ಹಬ್ಬಕ್ಕೂ ಹತ್ತಿದ ನಂಟು ಇನ್ನೊಂದು ರೀತಿಯಲ್ಲಿಯೂ ಉಳಿದಿದೆ: ಹಬ್ಬದ ದಿನವೇ ಮನೆಯಲ್ಲಿ ಸಾವಾದರೆ ಆ ಹಬ್ಬ ಆ ವಂಶಕ್ಕೆ ನಿಂತುಹೋಗಿ, ಮುಂದೆಂದಾದರೂ ಅದೇ ಹಬ್ಬದ ದಿನ ಮನೆಯಲ್ಲಿ ಮಗುವೋ ಕೊಟ್ಟಿಗೆಯಲ್ಲಿ ಕರುವೋ ಹುಟ್ಟಿದರೆ ಮತ್ತೆ ಆರಂಭವಾಗುತ್ತದೆ. ತಂದೆ ಅಥವಾ ತಾಯಿ ತೀರಿಕೊಂಡ ವರ್ಷದೊಳಗೇ ಮಗಳ ಮದುವೆ ಮಾಡಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು ಎಂಬ ರೂಢಿಯಂತೂ ಪ್ರತಿಕೂಲದ ನಿಯಮಕ್ಕೆ ಎದುರುಬದುರಾಗಿದೆ. ಗ್ರಂಥ ಕಾಯಲು ಹೇಳಿದಲ್ಲಿ ಜನ ಬೇಗ ಮುಗಿಸಲು ಹೇಳಿದ್ದಾರೆ. ಕಣ್ಣುಮುಚ್ಚಿದ ಜೀವ ಬಯಸಿದ್ದ ಮದುವೆಯ ಪುಣ್ಯ ಆ ಜೀವಕ್ಕೇ ಸೇರಲಿ ಎಂಬುದು ಅದರ ಹಿಂದಿನ ಭಾವನೆ.

ಈ ಇಡೀ ಲೆಕ್ಕಾಚಾರವನ್ನೇ ಬೇಡವೆಂದವರೂ ಇದೇ ನೆಲದಲ್ಲಿದ್ದರು. ವಿಜ್ಞಾನೇಶ್ವರನು ಬರೆದ ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ನಂತರ ಬಸವಣ್ಣ ಮತ್ತು ಅವರ ಸಂಗಡಿಗ ಶರಣರು ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ತಳ್ಳಿಹಾಕಿದರು; ಸಾವನ್ನು ಮಹಾನವಮಿಯ ಹಬ್ಬಕ್ಕೆ ಹೋಲಿಸುವ ಮಾತು ಅವರ ಪರಂಪರೆಯಲ್ಲಿ ಬೆಳೆದುಬಂತು. ದಿನ ಎಣಿಸುವ ಭಯವನ್ನು ಮನೆಗಳಿಂದ ತೆಗೆದುಹಾಕಿದ ಈ ನಿಲುವು ನಾಂದಿಯ ಉಪಾಯಕ್ಕಿಂತ ಬಹಳ ಮುಂದೆ ಹೋದದ್ದೆಂಬುದರಲ್ಲಿ ಸಂದೇಹವಿಲ್ಲ.

ಸೂತಕದ ಮಾತು ಹೀಗಿದ್ದರೆ, ಕಾಯಿಲೆಯೇ ಮನೆಯ ಸಂಭ್ರಮವನ್ನು ನಿಲ್ಲಿಸುತ್ತಿದ್ದ ಒಂದು ಸಂದರ್ಭವೂ ಇತ್ತು. ಸಿಡುಬು ಬಂದ ಮನೆಯಲ್ಲಿ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಹಾಕದೆ, ನೆಂಟರನ್ನು ಕರೆಯದೆ, ಅಮ್ಮನನ್ನೇ ಮನೆಗೆ ಬಂದ ಅತಿಥಿಯೆಂದು ಸತ್ಕರಿಸಿ, ಇಳಿದ ಮೇಲೆ ಬೇವಿನ ನೀರು ಹುಯ್ದು, ಮೊಸರನ್ನ, ತಂಬಿಟ್ಟುಗಳೊಂದಿಗೆ ಬೀಳ್ಕೊಡುತ್ತಿದ್ದರು. ಭಾರತದಲ್ಲಿ 1975ರ ನಂತರ ಸಿಡುಬು ಕಾಣಿಸಿಕೊಂಡಿಲ್ಲ. ಚಿಕ್ಕ ಸಿಡುಬಿಗೆ ಈ ಪದ್ಧತಿ ಅಲ್ಲಲ್ಲಿ ಉಳಿದಿದೆ. ಗಮನಿಸಬೇಕಾದದ್ದೆಂದರೆ ಸಿಡುಬಿಗೆ ಒಂದು ಅವಧಿಯಿತ್ತು. ಕೆಲವೇ ವಾರಗಳಲ್ಲಿ ರೋಗಿ ಏಳುತ್ತಿದ್ದರು ಇಲ್ಲವೆ ಹೋಗುತ್ತಿದ್ದರು. 1941–51ರ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷವಷ್ಟೇ ಆಗಿತ್ತು. ಕಾಲರಾ, ಪ್ಲೇಗು, ವಿಷಮಶೀತ ಜ್ವರಗಳು ದಿನಗಳಲ್ಲಿಯೋ ವಾರಗಳಲ್ಲಿಯೋ ಜೀವ ತೆಗೆಯುತ್ತಿದ್ದ ಕಾಲದ ಶಾಸ್ತ್ರಕ್ಕೆ ಸಾವಿನ ನಂತರದ ದಿನಗಳನ್ನು ಎಣಿಸುವುದೇ ದೊಡ್ಡ ಕೆಲಸವಾಗಿತ್ತು. ಸಾವಿಗೆ ಮುಂಚಿನ ವರ್ಷಗಳು ಈಗಿನಂತೆ ಉದ್ದವಾಗಿರಲಿಲ್ಲ.

ಹಾಗೆ ಉದ್ದವಾದ ಕಾಯಿಲೆಗಳು, ಕ್ಷಯ, ಲಕ್ವ, ವಾಸಿಯಾಗದ ಗಡ್ಡೆಗಳು, ಬಂದ ಮನೆಗಳು ತಮ್ಮದೇ ಆದ ಪದ್ಧತಿಯನ್ನು ಕಟ್ಟಿಕೊಂಡವು. ಅದರ ಕುರುಹು ಕನ್ನಡದ ಒಂದು ನುಡಿಗಟ್ಟಿನಲ್ಲಿದೆ. ‘ಶಾಸ್ತ್ರಕ್ಕೆ ಇಷ್ಟು ಮಾಡಿ’ ಎಂದು ಹೇಳುವಾಗ ಶಾಸ್ತ್ರವೆಂಬ ಪದಕ್ಕೆ ಗ್ರಂಥದ ಕಟ್ಟಳೆಯೆಂಬ ಅರ್ಥ ಹೋಗಿ, ತೀರಾ ಕಡಿಮೆಯೆಂದರೆ ಇಷ್ಟು, ಬಿಡಬಾರದೆಂಬಷ್ಟು ಎಂಬ ಅರ್ಥ ಬರುತ್ತದೆ. ಬಾಗಿಲಿಗೆ ಶಾಸ್ತ್ರಕ್ಕೆ ನಾಲ್ಕು ಮಾವಿನೆಲೆ, ಎಲೆಯ ತುದಿಗೆ ಶಾಸ್ತ್ರಕ್ಕೆ ಒಂದು ಒಬ್ಬಟ್ಟು, ಆರತಿಗೆ ಶಾಸ್ತ್ರಕ್ಕೆ ಎರಡು ಹಾಡು. ಹಬ್ಬವನ್ನು ಬಿಡುವುದಕ್ಕೂ ಹಬ್ಬದಂತೆ ಮಾಡುವುದಕ್ಕೂ ನಡುವೆ ಇರುವ ಈ ಜಾಗವನ್ನು ಹುಡುಕಿಕೊಂಡವರು ಬಹುಮಟ್ಟಿಗೆ ಹೆಂಗಸರು. ಗಂಜಿ ಬೇಯುತ್ತಿದ್ದ ಒಲೆಯ ಪಕ್ಕದ ಒಲೆಯಲ್ಲಿ ಹೂರಣ ಬೇಯಿಸಿ, ಪಥ್ಯದವರಿಗೆ ವಾಸನೆಯಾದರೂ ತಾಕಲಿ ಎಂದು ಒಬ್ಬಟ್ಟಿನ ಚೂರನ್ನು ಹಾಲಿನಲ್ಲಿ ನೆನೆಸಿ ಬಾಯಿಗಿಟ್ಟವರು ಅವರು. ಗೌರಿಹಬ್ಬಕ್ಕೆ ತವರಿಗೆ ಬಂದ ಮಗಳಿಗೆ ತಾಯಿ ಕೊಡುವ ಬಾಗಿನವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅರಿಸಿನ ಬಳಿದ ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣಗಳನ್ನಿಟ್ಟು, ಇನ್ನೊಂದು ಮೊರವನ್ನು ಮುಚ್ಚಿ, ಸೆರಗಿನಲ್ಲಿ ಹಿಡಿದು ಕೊಡಬೇಕು. ತಾಯಿಗೆ ಏಳಲಾಗದಿದ್ದರೆ ಸೊಸೆಯೋ ನಾದಿನಿಯೋ ಮೊರವನ್ನು ಹಾಸಿಗೆಯ ಬಳಿಗೆ ಹಿಡಿದು ತಂದು, ರೋಗಿಯ ಬೆರಳು ಮೊರದ ಅಂಚಿಗೆ ತಾಕಿದರೆ ಕೊಟ್ಟಂತೆಯೇ ಎಂದು ತಿಳಿಯುತ್ತಿದ್ದರು.

ಮನೆಯ ಕಟ್ಟಡವೂ ಇದಕ್ಕೆ ಒದಗಿಬರುತ್ತಿತ್ತು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬಗಳ ಪಡಸಾಲೆ, ಅದಕ್ಕೆ ತೆರೆದುಕೊಂಡ ಕೋಣೆಗಳು, ಇದು ತೊಟ್ಟಿಮನೆಯ ರಚನೆ. ಬಾಣಂತಿಯೂ ರೋಗಿಯೂ ಕೋಣೆಯಲ್ಲಿದ್ದುಕೊಂಡೇ ಪಡಸಾಲೆಯಲ್ಲಿ ನಡೆಯುವುದನ್ನೆಲ್ಲ ಕೇಳಬಹುದಿತ್ತು, ಬಾಗಿಲು ತೆರೆದಿಟ್ಟರೆ ಕಾಣಬಹುದಿತ್ತು. ಮದುವೆ ಮನೆಯ ಮುಂದಿನ ಚಪ್ಪರದಲ್ಲಿಯೇ ನಡೆಯುತ್ತಿದ್ದ ಕಾಲದಲ್ಲಿ ಹಾಸಿಗೆ ಹಿಡಿದ ತಂದೆ ಮದುವೆಯ ಒಳಗೇ ಇರುತ್ತಿದ್ದನು. ಗಟ್ಟಿಮೇಳದ ಸದ್ದು ಅವನಿಗೆ ತಲುಪುತ್ತಿತ್ತು, ತಲೆಯ ಮೇಲೆ ಅಕ್ಷತೆ ಬಿದ್ದ ಮದುಮಕ್ಕಳು ಎದ್ದು ಹತ್ತು ಹೆಜ್ಜೆ ನಡೆದರೆ ಅವನ ಕಾಲಬಳಿ ಬಗ್ಗಬಹುದಿತ್ತು. ‘ಮಗಳ ಮದುವೆ ನೋಡುವುದಕ್ಕೆಂದೇ ಜೀವ ಹಿಡಿದುಕೊಂಡಿದ್ದಾರೆ’ ಎಂಬ ಮಾತು ಹುಟ್ಟಿದ್ದು ಅಂಥ ಮನೆಗಳಲ್ಲಿ.

ಇದೇ ಮಾತಿಗೆ ಕಠೋರವಾದ ಇನ್ನೊಂದು ಮುಖವಿತ್ತೆಂಬುದನ್ನು ಮರೆಮಾಚುವುದು ತಪ್ಪಾಗುತ್ತದೆ. ಹಿರಿಯರ ಪ್ರಾಣಸಂಶಯವೆಂಬ ಕಾರಣವನ್ನು ಮುಂದಿಟ್ಟು ಎಳೆಯ ಹೆಣ್ಣುಮಕ್ಕಳನ್ನು ಹಸೆಗೆ ಕೂರಿಸಿದ ಮನೆಗಳಿಗೆ ಲೆಕ್ಕವಿಲ್ಲ. ಅಜ್ಜಿಯ ಕಣ್ಣು ತಣಿಯಿತು. ಆ ಹುಡುಗಿಯ ಬದುಕು ಏನಾಯಿತೆಂದು ಕೇಳಿದವರು ಕಡಿಮೆ. ಮೈಸೂರು ಸಂಸ್ಥಾನವು 1894ರ ಕಾಯಿದೆಯಿಂದ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯಿತು. ಶಾರದಾ ಕಾಯಿದೆಯೆಂದು ಹೆಸರಾದ 1929ರ ಬಾಲ್ಯವಿವಾಹ ನಿರೋಧ ಕಾಯಿದೆಯು 1930ರ ಏಪ್ರಿಲ್ 1ರಿಂದ ಬ್ರಿಟಿಷ್ ಆಳ್ವಿಕೆಯ ಪ್ರಾಂತಗಳಲ್ಲಿ ಹುಡುಗಿಗೆ 14, ಹುಡುಗನಿಗೆ 18 ವರ್ಷವೆಂದು ಗೊತ್ತುಮಾಡಿತು. ತಂದೆತಾಯಿಗಳ ಕೊನೆಯಾಸೆ ಎಂಬ ಕಾರಣಕ್ಕೆ ಈ ಕಾಯಿದೆಗಳು ಮನ್ನಣೆ ಕೊಡದಿದ್ದುದು ನ್ಯಾಯವೇ ಆಗಿತ್ತು. ಸಾಯುವವರ ಸಂತೋಷಕ್ಕಾಗಿ ಬದುಕಬೇಕಾದವರನ್ನು ತೆರಲು ನಿಬಂಧಕಾರರ ಆ ಒಂದು ಪದ ಅನುಮತಿ ಕೊಟ್ಟಿರಲಿಲ್ಲ, ಜನ ಹಾಗೆ ಓದಿಕೊಂಡರು.

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಮದುವೆ ಮನೆಯ ಚಪ್ಪರದಿಂದ ಛತ್ರಕ್ಕೂ ಕಲ್ಯಾಣಮಂಟಪಕ್ಕೂ ಹೋಯಿತು. ಕಾಯಿಲೆ ಮನೆಯ ಕೋಣೆಯಿಂದ ಆಸ್ಪತ್ರೆಗೆ ಹೋಯಿತು. ಪಡಸಾಲೆಗೂ ಕೋಣೆಗೂ ನಡುವೆ ಇದ್ದ ಹತ್ತು ಹೆಜ್ಜೆ ಹತ್ತಾರು ಮೈಲಿಯಾಯಿತು, ಮತ್ತು ಮದುವೆಯ ದಿನ ರೋಗಿಯ ಬಳಿ ಯಾರು ಉಳಿಯಬೇಕೆಂಬ, ಹಿಂದೆ ಇಲ್ಲದ ಪ್ರಶ್ನೆ ಹುಟ್ಟಿತು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಆರಂಭವಾದ ಮೇಲೆ ನಾಡಿನ ದೂರದ ಜಿಲ್ಲೆಗಳ ಕುಟುಂಬಗಳೂ ತಿಂಗಳುಗಟ್ಟಲೆ ನಗರದಲ್ಲಿ ಉಳಿಯುವಂತಾಯಿತು. 1994ರಲ್ಲಿ ಸ್ಥಾಪನೆಯಾದ ಟ್ರಸ್ಟ್ ಒಂದರಿಂದ 1999ರಲ್ಲಿ ತೆರೆದ ಕರುಣಾಶ್ರಯವು, ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳ ನೋವು ನೀಗಿಸಿ ನೋಡಿಕೊಳ್ಳುವುದನ್ನೇ ತನ್ನ ಕೆಲಸವಾಗಿ ಮಾಡಿಕೊಂಡಿತು. ಉಪಶಾಮಕ ಆರೈಕೆಯೆಂದು ಕರೆಯುವ ಈ ವೈದ್ಯಪದ್ಧತಿಯಲ್ಲಿ ರೋಗಿ ಯಾವುದನ್ನು ನೋಡಲು ಬಯಸುತ್ತಾರೆ, ಯಾರ ಜೊತೆಗಿರಲು ಬಯಸುತ್ತಾರೆ ಎಂದು ಕೇಳುವುದೂ ಚಿಕಿತ್ಸೆಯ ಭಾಗವೇ ಆಗಿರುವುದರಿಂದ, ತೊಟ್ಟಿಮನೆಯ ಹೆಂಗಸರಿಗೆ ತಿಳಿದಿದ್ದ ವಿದ್ಯೆ ಬೇರೆ ಹೆಸರಿನಲ್ಲಿ ಹಿಂದಿರುಗಿತೆನ್ನಬಹುದು.

ಪಂಚಾಂಗದ ಬಳಕೆಯೂ ಇದಕ್ಕೆ ಹೊಂದಿಕೊಂಡಿದೆ. ಕ್ಯಾನ್ಸರಿಗೆ ಕೊಡುವ ಹಲವು ಔಷಧಿಗಳನ್ನು ಮೂರು ವಾರಕ್ಕೊಮ್ಮೆ ಏರಿಸಲಾಗುತ್ತದೆ. ಔಷಧಿಯಾದ ಎರಡನೆಯ ವಾರದ ಹೊತ್ತಿಗೆ ರಕ್ತದ ಬಿಳಿಕಣಗಳು ಕುಸಿದು ಸೋಂಕಿನ ಭಯ ಹೆಚ್ಚುತ್ತದೆ, ಮೂರನೆಯ ವಾರದಲ್ಲಿ ಅವು ಚೇತರಿಸಿಕೊಳ್ಳುತ್ತವೆ. ಆದ್ದರಿಂದ ಮದುವೆ ನಿಶ್ಚಯಿಸುವ ಮನೆಯವರು ಮೊದಲು ವೈದ್ಯರಿಂದ ಆ ಮೂರನೆಯ ವಾರದ ತಾರೀಖುಗಳನ್ನು ಬರೆಸಿಕೊಂಡು, ಅನಂತರ ಜೋಯಿಸರ ಬಳಿಗೆ ಹೋಗಿ ಆ ಐದಾರು ದಿನಗಳೊಳಗೆ ಮುಹೂರ್ತ ಹುಡುಕಿಸುತ್ತಾರೆ. ಜೋಯಿಸರು ಬೆರಳು ಮಡಿಸಿ ತಾರಾಬಲ ನೋಡಿ, ಲಗ್ನ ಗೊತ್ತುಮಾಡಿ, ನಾಂದಿಯನ್ನು ನಾಲ್ಕು ದಿನ ಮೊದಲೇ ಮನೆಯಲ್ಲಿಯೇ ಇಡೋಣ, ಅಮ್ಮನವರು ಮಲಗಿರುವ ಕೋಣೆಯ ಬಾಗಿಲು ತೆರೆದಿರಲಿ ಎನ್ನುತ್ತಾರೆ.